ಇಸ್ಲ್ಯಾಂಡ್

ಗುದೈಬಿಯಾದ ಗಲ್ಲಿಯಲ್ಲಿ ನನ್ನ ಲಾಂಡ್ರಿ.
ಇಸ್ತ್ರಿ ಮೇಜಿನಾಚೆ, ಹಬೆ ತಾಗದ ಮೂಲೆಯಲ್ಲಿ
ರುಮೈಸಾಳ ಮನೆಪಾಠ.
ಕೂಡುವುದು ಕಲಿತದ್ದು ತೋಬುಗಳ ಗುಂಡಿ ಮುಟ್ಟಿ,
ಕಳೆಯುವುದು ಕಲಿತದ್ದು
ಗುಂಡಿ ಹೋಗಿ ಉಳಿದ ದಾರ ಮುಟ್ಟಿ.

ಚುಕ್ಕಿ ಲಿಪಿಯ ಪುಸ್ತಕ ಊರಿಂದ ಬರುವಷ್ಟರಲ್ಲಿ
ಪಾಠ ಮುಗಿದು, ಪರೀಕ್ಷೆ ಮುಗಿದು,
ಮಕ್ಕಳೆಲ್ಲ ರಜೆಗೆ ವಿಮಾನ ಹತ್ತಿರುತ್ತಿದ್ದರು.
ಹಾಗಾಗಿ ನಾನೇ ಓದುತ್ತಿದ್ದೆ,
ಪಾವೂರಿನ ಶಾಲೆಯಲ್ಲಿ ಏಳನೆಯದಕ್ಕೇ
ಇಂಗ್ಲಿಷಿಗೆ ಸಲಾಂ ಹೊಡೆದು ಬಂದವನು,
ಒಂದು ಕೈಯಲ್ಲಿ ಇಸ್ತ್ರಿಪೆಟ್ಟಿಗೆ, ಇನ್ನೊಂದರಲ್ಲಿ ಭೂಗೋಳ.

ಸುತ್ತ ನೀರಿದ್ದರೆ ಅದು ಇಸ್ಲ್ಯಾಂಡ್,
ಎಂದು ಓದಿದೆ. ಐ, ಎಸ್, ಎಲ್,
ಇದ್ದದ್ದನ್ನು ಇದ್ದ ಹಾಗೆ.
ಕನ್ನಡದಲ್ಲಿ ಬರೆದದ್ದಕ್ಕೆಲ್ಲ ಬಾಯಿ ಇದೆ,
ಅಕ್ಷರ ನುಂಗಿದರೆ ನಮಗೆ ಬೀಳುತ್ತಿದ್ದದ್ದು ಬೆತ್ತ.

ಅವಳು ತರಗತಿಯಲ್ಲಿ ಎದ್ದು ಹೇಳಿದಳು:
ನಾವಿರುವುದು ಇಸ್ಲ್ಯಾಂಡಿನಲ್ಲಿ.
ಬೆಂಚುಗಳೆಲ್ಲ ನಕ್ಕವಂತೆ.
ಬಿಂದು ಟೀಚರು ನಗಲಿಲ್ಲ.
ನಗದೆ ಇರುವುದಕ್ಕೂ ಒಂದು ಸದ್ದಿದೆ ಉಪ್ಪಾ, ಅಂದಳು.
ಎಸ್ ಇದೆಯಂತೆ, ಬರೆಯಬೇಕಂತೆ,
ಓದಬಾರದಂತೆ.

ಈ ವರ್ಷ ಫೋನಿಗೆ ಹೊಸ ಬುದ್ಧಿ ಬಂತು.
ಶಾಲೆಯವರೇ ಹಾಕಿಕೊಟ್ಟರು.
ಪುಟದ ಮೇಲೆ ಹಿಡಿದರೆ ಓದುತ್ತದೆ,
ಕೆಮ್ಮದೆ, ನಡುವೆ ಗಿರಾಕಿಗೆ
'ಇನ್ನೂರು ಫಿಲ್ಸ್' ಅನ್ನದೆ.
ಕನ್ನಡ ಅಂದರೆ ಕನ್ನಡ, ಕೊಂಚ ರೇಡಿಯೋ ವಾರ್ತೆಯ ಗತ್ತು.
ನಮ್ಮ ಬ್ಯಾರಿಗೆ ಮಾತ್ರ 'ಕ್ಷಮಿಸಿ' ಅಂದಿತು.
ಅದಕ್ಕೆ ಐಲ್ಯಾಂಡ್ ಗೊತ್ತು.
ಚಿತ್ರವೂ ಗೊತ್ತು:
ಮೂವತ್ತೊಂದನೇ ಪುಟದಲ್ಲಿ ಒಂದು ಒಂಟೆ,
ಆಚೆ ಎರಡು ಖರ್ಜೂರದ ಮರ, ನೆರಳಲ್ಲಿ
ಚಪ್ಪಲಿ ಕಳಚಿಟ್ಟು ಕುಳಿತ ಹುಡುಗ.

'ನೀನು ಬರೀ ಇಲ್ಲೊಂದು ಚಿತ್ರ ಅನ್ನುತ್ತಿದ್ದೆ.'

ಹೌದು ಮಗಳೇ.
ಐದು ವರ್ಷದ ಚಿತ್ರಗಳನ್ನೆಲ್ಲ
ಬಿಡಿಸದೆ ಮಡಚಿಟ್ಟೆ.
ಆ ಹೊತ್ತಿಗೆ ಯಾರದೋ ಕಾಲರು ಸುಡುತ್ತಿತ್ತು.

ತಪ್ಪೂ ಮಾಡುತ್ತದೆ, ಅದನ್ನೂ ಹೇಳಬೇಕು.
ಪುಟದ ಹರಿದ ಮೂಲೆ ಕಂಡು 'ಪರ್ವತ' ಅಂದಿತು,
ಎಂಥಾ ಧೈರ್ಯದಲ್ಲಿ!
ನಾನಾದರೆ ತಡವರಿಸುತ್ತಿದ್ದೆ,
ತಡವರಿಸಿದಲ್ಲಿ ಇವಳು ಕಿವಿ ಚುರುಕು ಮಾಡುತ್ತಿದ್ದಳು.
ಅದರ ತಪ್ಪಿಗೆ ತೊದಲೇ ಇಲ್ಲ.

ಗುರುವಾರ ರಾತ್ರಿ, ಶಟರು ಅರ್ಧ ಎಳೆದ ಮೇಲೆ,
ಆಟಕ್ಕೆಂದು ಫೋನನ್ನು ನನ್ನತ್ತ ತಿರುಗಿಸಿದಳು.
'ಒಬ್ಬ ಗಂಡಸು. ಐವತ್ತರ ಆಸುಪಾಸು.'
(ನನಗಿನ್ನೂ ನಲವತ್ತೊಂದು.)
'ಹಿಂದೆ ತೂಗುಹಾಕಿದ ಬಿಳಿ ಬಟ್ಟೆಗಳು.
ತುಂಬ ದಣಿದಂತೆ ಕಾಣುತ್ತಾನೆ.'

ಹನ್ನೊಂದು ವರ್ಷ ನಾನು ಅವಳಿಗೆ ಬರೀ ದನಿ.
ಆ ದನಿಗೆ ದಿನವೂ ಇಸ್ತ್ರಿ ಹಾಕಿ
ಸುಕ್ಕಿಲ್ಲದೆ ಕೊಟ್ಟಿದ್ದೆ.

'ನಿಜವಾ ಉಪ್ಪಾ?'
'ಅದಕ್ಕೇನು ಗೊತ್ತು,
ಹರಿದದ್ದಕ್ಕೆ ಪರ್ವತ ಅನ್ನುವಂಥದ್ದು.'

ಅವಳು ಎದ್ದು ಬಂದಳು, ಮೇಜಿನ ಅಂಚು ಹಿಡಿದು.
ಬೆರಳು ಹಣೆಯ ಮೇಲೆ ನಡೆದವು,
ಕಣ್ಣ ಕೆಳಗೆ ಬಂದು ನಿಂತವು,
ಚುಕ್ಕಿ ಓದುವಾಗಿನ ಅದೇ ನಿಧಾನ.
'ಇಲ್ಲೊಂದು ಎಸ್ ಇದೆ,' ಅಂದಳು.
'ಬರೆದಿದೆ. ನೀನು ಓದಲಿಲ್ಲ.'

ಬೆಳಿಗ್ಗೆಗೆ ಇನ್ನೂ ಎಂಟು ತೋಬು ಬಾಕಿ ಇದ್ದವು.
ಇಸ್ತ್ರಿಯ ಸ್ವಿಚ್ಚು ಆರಿಸಿದೆ.
ಕಾದ ಕಬ್ಬಿಣ ತಣಿಯುವ ಟಿಕ್ ಟಿಕ್ ಸದ್ದನ್ನು
ಇಬ್ಬರೂ ಕೇಳುತ್ತ ಕುಳಿತೆವು.