ಮೇಲೇರಲು ಇಪ್ಪತ್ತು ತೆತ್ರಿ

ಚಿಯಾತುರಾದ ಈ ಕಟ್ಟಡದಲ್ಲಿ
ಲಿಫ್ಟಿನ ಬಾಯಿಗೆ ಕಾಸು ಹಾಕಬೇಕು, ಇಪ್ಪತ್ತು ತೆತ್ರಿ.
ಇಳಿಯುವವರನ್ನು ಮಾತ್ರ ಪುಕ್ಕಟೆ ಇಳಿಸುತ್ತದೆ.
ಲಿಫ್ಟಿನ ಖರ್ಚು ಕಚೇರಿ ಕೊಡುವುದಿಲ್ಲ,
ಎಂಟನೆಯ ಮಹಡಿಗೆ ಮೆಟ್ಟಿಲೇ ಗತಿ.
ಕಂಕುಳಲ್ಲಿ ಟ್ಯಾಬ್ಲೆಟ್ಟು, ಅದರ ತುಂಬ ಪ್ರಶ್ನೆ.

ಬಡತನ ಅಳೆಯುವುದು ನನ್ನ ಕೆಲಸ.

ಸೇರಿನಲ್ಲಲ್ಲ, ಮೊಳದಲ್ಲಲ್ಲ, ಅಂಕದಲ್ಲಿ.
ಮಂಚಕ್ಕಿಷ್ಟು, ಹಸುವಿಗಿಷ್ಟು, ಬಿಸಿನೀರಿನ ಬಾಯ್ಲರಿಗಿಷ್ಟು.
ಅಂಕ ಏರಿತೋ, ಸರ್ಕಾರದ ದುಡ್ಡು ನಿಂತಿತು.
ಫೇಲಾದವರಷ್ಟೇ ಪಾಸಾಗುವ ಪರೀಕ್ಷೆ;
ಫೇಲಾಗಲೆಂದೇ ಊರಿಗೆ ಊರೇ
ರಾತ್ರಿಯೆಲ್ಲ ತಯಾರಿ ನಡೆಸುತ್ತದೆ.

ಮೂರನೆಯ ಮಹಡಿ ದಾಟುವಾಗ
ಮೇಲೆ ಏನನ್ನೋ ದರದರ ಎಳೆಯುವ ಸದ್ದು.
ಗೊತ್ತು. ಯಾರದೋ ವಾಷಿಂಗ್ ಮೆಷೀನು
ಪಕ್ಕದ ಮನೆಗೆ ನೆಂಟಸ್ತಿಕೆಗೆ ಹೊರಟಿದೆ.
ಪಕ್ಕದ ಮನೆಗೆ ನಾನು ಹೋಗುವ ದಿನ
ತವರಿಗೆ ಮರಳುತ್ತದೆ.
ದಮ್ಮು ಕಟ್ಟಿದವಳಂತೆ ನಿಲ್ಲುತ್ತೇನೆ,
ದಮ್ಮು ಕಟ್ಟಿದ್ದಕ್ಕಿಂತ ತುಸು ಹೆಚ್ಚೇ ಹೊತ್ತು.

ನಾಜಿಬ್ರೋಲಾ, ಎಪ್ಪತ್ತೊಂಬತ್ತು. ಸೊಸೆ ಖಾತುನಾ. ಮಕ್ಕಳಿಬ್ಬರು.
ಒಂದೇ ಕುರ್ಚಿ, ಅದರ ಮೇಲೆ ನಾನು.
ಅಡುಗೆಮನೆಯಲ್ಲೊಂದು ಫ್ರಿಜ್ಜು,
ನಾಲ್ಕು ಆಳು ಬಂದರೂ ಅಲುಗದ ಬಂಡೆ.
ಬಾಗಿಲ ಮೇಲೆ ಹಿತ್ತಾಳೆ ತಗಡು, ರಷ್ಯನ್ ಅಕ್ಷರ:
'ಮುಂಚೂಣಿ ಕಾರ್ಮಿಕಳಿಗೆ, ಎಪ್ಪತ್ತನಾಲ್ಕನೆಯ ಇಸವಿ.'
ಹಗ್ಗದ ಮೇಲಿನ ಕಬ್ಬಿಣದ ಡಬ್ಬಿಗಳನ್ನು
ಇಪ್ಪತ್ತೊಂದು ವರ್ಷ ಓಡಿಸಿದ ಕೈ ಅದು.
ಗಣಿಯವರು, ಶಾಲೆಯ ಮಕ್ಕಳು,
ಒಮ್ಮೆ ಒಂದು ಶವಪೆಟ್ಟಿಗೆ,
ಎಲ್ಲ ಕಣಿವೆಯ ಮೇಲೆ ತೂಗಾಡುತ್ತ ದಾಟಿದವು,
ಯಾರಿಗೂ ಟಿಕೆಟ್ಟಿರಲಿಲ್ಲ.

"ಆಗ ಚೆನ್ನಾಗಿತ್ತಾ?"
ಟ್ಯಾಬ್ಲೆಟ್ಟಿನಲ್ಲಿ ಇಲ್ಲದ ಪ್ರಶ್ನೆ, ಬಾಯಿ ತಪ್ಪಿ ಬಂತು.

"ಆಗ ಫ್ರಿಜ್ಜು ಕೊಟ್ಟರು, ಇಡಲು ಬೆಣ್ಣೆ ಇರಲಿಲ್ಲ.
ಈಗ ಅಂಗಡಿ ತುಂಬ ಬೆಣ್ಣೆ,
ಗಾಜಿನಾಚೆ ನಿಂತು ಬಗೆ ಎಣಿಸಿ ಬರುತ್ತೇನೆ.
ಆಗ ಅವರೇ ನಮ್ಮ ಬಾಯಿ ಹೊಲಿಯುತ್ತಿದ್ದರು,
ನಮ್ಮಣ್ಣನನ್ನು ಕರೆದೊಯ್ದರು, ಟೋಪಿ ವಾಪಸು ಬಂತು.
ಈಗ ಏನು ಬೇಕಾದರೂ ಕೂಗು, ತಡೆಯಿಲ್ಲ.
ಮೊನ್ನೆ ಗಣಿಯ ಹುಡುಗರು
ಸೂಜಿ ದಾರ ತಂದು ತಮ್ಮ ತುಟಿ ತಾವೇ ಹೊಲಿದುಕೊಂಡು
ಧರಣಿ ಕೂತರಲ್ಲ, ನೋಡಿದೆಯಾ?"

ನೋಡಿದ್ದೆ. ಒಬ್ಬ ನನ್ನ ತಂಗಿಯ ಗಂಡ.

ಕಿಟಕಿಯಾಚೆ ಎದುರು ಗುಡ್ಡದಲ್ಲಿ
ಗಣಿ ಕೊಂಡವನ ಗಾಜಿನ ಮನೆ.
ಅಲ್ಲಿ ಎಷ್ಟು ಫ್ರಿಜ್ಜು, ಎಷ್ಟು ಮಂಚ,
ಮೆಟ್ಟಿಲು ಹತ್ತಿ ಎಣಿಸಿ ಬಾ ಎಂದು
ಯಾರೂ ನನ್ನನ್ನು ಕಳಿಸಿಲ್ಲ.

ಪ್ರಶ್ನೆ ಹದಿನೇಳು. ರೆಫ್ರಿಜರೇಟರು: ಇದೆ, ಇಲ್ಲ.
ಖಾತುನಾ ಓಡಿ ಬಂದು ಬಾಗಿಲು ತೆರೆದಳು.
ಒಳಗೆ ಕತ್ತಲು, ಮಕ್ಕಳ ಪುಸ್ತಕ, ಜೋಳದ ಹಿಟ್ಟಿನ ಚೀಲ,
"ಇಲಿ ನುಗ್ಗಲ್ಲ ಅಂತ ಇಟ್ಟಿದ್ದೀವಿ ಅಷ್ಟೇ.
ಸತ್ತು ಹನ್ನೊಂದು ವರ್ಷ ಆಯ್ತು."
ಸತ್ತದ್ದಕ್ಕೆ ಟ್ಯಾಬ್ಲೆಟ್ಟಿನಲ್ಲಿ ಜಾಗವಿಲ್ಲ.
'ಇಲ್ಲ'ದ ಮೇಲೆ ಬೆರಳಿಡಹೊರಟೆ.

ಮುದುಕಿ ನನ್ನ ಮಣಿಕಟ್ಟು ಹಿಡಿದಳು.
"ಇಲ್ಲ ಅಂತ ಬರೀಬೇಡ.
ಕೆಟ್ಟಿದೆ. ಆದರೆ ಇದೆ."
ಸೊಸೆ ಹಣೆ ಚಚ್ಚಿಕೊಂಡಳು,
ಚಚ್ಚಿಕೊಂಡ ಕೈಯಲ್ಲೇ ನನ್ನ ಮುಂದೆ
ಬಿಸಿ ಜೋಳದ ರೊಟ್ಟಿಯ ತಟ್ಟೆ ಇಟ್ಟಳು.
ಮಕ್ಕಳು ತಟ್ಟೆಯನ್ನೇ ನೋಡುತ್ತಿದ್ದವು.
ಅರ್ಧ ತಿಂದೆ. ಬೇಡವೆಂದರೆ ಬೈಗುಳದಂತೆ.

ಯಾವುದು ಒತ್ತಿದೆ ಎಂದು ಕೇಳಬೇಡಿ.

ಪುಕ್ಕಟೆಯ ಲಿಫ್ಟು ಬಿಟ್ಟು ಮೆಟ್ಟಿಲಲ್ಲೇ ಇಳಿದೆ.
ಆರನೆಯ ಮಹಡಿಯ ತಿರುವಿನಲ್ಲಿ
ವಾಷಿಂಗ್ ಮೆಷೀನು ಸಿಕ್ಕಿಕೊಂಡಿತ್ತು,
ಕಂಬಿಗೂ ಗೋಡೆಗೂ ನಡುವೆ.
ನನ್ನ ಕಂಡು ಹುಡುಗರಿಬ್ಬರೂ ಕಲ್ಲಾದರು.
ಟ್ಯಾಬ್ಲೆಟ್ಟು ನೆಲಕ್ಕಿಟ್ಟು, ಮುಖ ಕೆಳಗಾಗಿ,
ಒಂದು ಮೂಲೆ ನಾನೂ ಹಿಡಿದೆ.