ನೀರಿಗಲ್ಲದ ಸುರಂಗ

ಉಪ್ಪಳ ಗೇಟಿನ ಹತ್ತಿರ, ಟೈಲ್ಸ್ ಅಂಗಡಿಯ ಮೇಲಿನ ಕೋಣೆ.
ಮೂಲೆ ಒಡೆದ ಟ್ಯಾಬು, ಗಲ್ಫಿನಿಂದ ಬಂದವರೊಬ್ಬರು
ಅರ್ಧ ಬೆಲೆಗೆ ಕೊಟ್ಟದ್ದು, ಟೇಪು ಅಂಟಿಸಿ ಇಟ್ಟಿದ್ದೇನೆ.
ಕಿಟಕಿ ಮುಚ್ಚಿದರೂ ಕೆಂಪು ಧೂಳು ಬರುತ್ತದೆ.
ಹೊರಗೆ ಆರು ಪಥದ ಹೆದ್ದಾರಿ
ಊರನ್ನು ಹಲಸಿನ ಹಣ್ಣಿನ ಹಾಗೆ ಸೀಳಿ ಮಲಗಿದೆ.
ಮೇಣ ಯಾರ ಕೈಗೆ ಹತ್ತಿತೆಂದು ಯಾರೂ ಕೇಳುವುದಿಲ್ಲ.

ಮನ್ವಿತನಿಗೆ ಒಂಬತ್ತು.
ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ,
ಬಸ್ಸಿನಲ್ಲಿ ಮಲಯಾಳ.
ಜೂನ್ ತಿಂಗಳಿನಿಂದ ಮೂರರಲ್ಲೂ ಇಲ್ಲ.

ಕರೆದು ತಂದ ಅಜ್ಜ ಐತಪ್ಪ
ಬಾಗಿಲಲ್ಲೇ ನಿಂತು ಟ್ಯಾಬು ನೋಡಿದರು:
"ಇದನ್ನು ಒತ್ತಿ ಒತ್ತಿಯೇ ಅಲ್ವಾ ಮಕ್ಕಳು ಹಾಳಾಗುವುದು?
ಮದ್ದಿಗೂ ಇದುವೇ ಬೇಕಾ ಮೇಡಂ?"
ನನ್ನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ.
ಕುರ್ಚಿ ಇತ್ತು. ಕುಳಿತುಕೊಳ್ಳಿ ಅಂದೆ.

ಆಟ ಸುಲಭದ್ದು. ಚೌಕ ಚೌಕ ಮಣ್ಣು, ಚೌಕ ಕಲ್ಲು,
ಮೋಡವೂ ಚೌಕ. ಕಟ್ಟಬಹುದು, ಅಗೆಯಬಹುದು.
ಅವನಿಗೊಂದು ಗೊಂಬೆ, ನನಗೊಂದು,
ಪರದೆಯಲ್ಲಿ ಅರ್ಧ ಅರ್ಧ ಪಾಲು.
ಗೆಲ್ಲುವುದಕ್ಕೆ ಏನೂ ಇಲ್ಲ.

ಮೊದಲ ದಿನ ಅವನು ಒಂದು ರಸ್ತೆ ಹಾಕಿದ,
ಕಪ್ಪು ಕಲ್ಲಿನದ್ದು, ಈ ತುದಿಯಿಂದ ಆ ತುದಿಗೆ.
ಎರಡನೆಯ ದಿನ ಅದನ್ನೇ ಅಗಲ ಮಾಡಿದ.
ಮೂರನೆಯ ವಾರ, ನಾನು ತಪ್ಪು ಮಾಡಿದ್ದು ಆಗಲೇ,
ಬಾ ದಾಟೋಣ ಎಂದು
ನನ್ನ ಗೊಂಬೆಯನ್ನು ರಸ್ತೆಗೆ ಇಳಿಸಿದೆ.

ಆ ಬೆರಳಿಗೆ ಅಷ್ಟು ವೇಗ ಇದೆಯೆಂದು ಗೊತ್ತಿರಲಿಲ್ಲ.
ಎದುರಿಗೊಂದು ಕಲ್ಲು. ಎಡಕ್ಕೆ, ಬಲಕ್ಕೆ. ಬೆನ್ನಿಗೆ.
ತಲೆಯ ಮೇಲೂ ಒಂದು.
ಪರದೆಯ ನನ್ನ ಅರ್ಧ ಕತ್ತಲಾಯಿತು.

ಒಮ್ಮೆ ಒತ್ತಿದರೆ ಗೋಡೆ ಒಡೆಯುತ್ತದೆ, ನನಗೆ ಗೊತ್ತು.
ಅವನಿಗೂ ಗೊತ್ತು.
ಕೈ ಮಡಿಲಲ್ಲಿ ಇಟ್ಟುಕೊಂಡು ಕುಳಿತೆ.
ಕಲಿತ ಪಾಠದ ಪುಟಗಳು, ಸಿಟ್ಟು, ಹಟ, ಪ್ರತಿರೋಧ,
ಒಂದೊಂದಾಗಿ ಬಂದು ಹೋದವು.
ರಾತ್ರಿ ಪಾತ್ರೆ ತೊಳೆಯುವಾಗ ಹೊಳೆಯಿತು:
ಹುಡುಗ ನನ್ನನ್ನು ಕೂಡಿ ಹಾಕಿದ್ದಲ್ಲ,
ದಾಟದಂತೆ ಹಿಡಿದುಕೊಂಡದ್ದು.
ಜೂನಿನಲ್ಲಿ ಬಿಡಿಸಿಕೊಂಡು ಓಡಿದ ಅಕ್ಕನ
ಕೊಡೆ ಮಾತ್ರ ಅವನ ಕೈಯಲ್ಲಿ ಉಳಿದಿತ್ತಂತೆ.

ಆಮೇಲೆ ನಾಲ್ಕು ಬುಧವಾರ
ನಾನು ಆ ಕಲ್ಲಿನೊಳಗೇ ಇದ್ದೆ.
ಅವನು ಹೊರಗೆ ಕಾವಲು.
ಮೇಲಿನವರಿಗೆ ಕಳಿಸುವ ಹಾಳೆಯಲ್ಲಿ
ಪುರೋಗತಿ ಎಂಬ ಕಾಲಮ್ಮು. ಏನು ಬರೆಯಲಿ?
ಅಡ್ಡಗೆರೆ ಎಳೆದೆ.

ಐದನೆಯ ಬುಧವಾರ ಕಾಲಬುಡದ ಮಣ್ಣು ಸರಿಯಿತು.
ಅಗೆಯುತ್ತಿದ್ದಾನೆ. ನನ್ನ ಕೆಳಗೆ, ರಸ್ತೆಯ ಕೆಳಗೆ,
ಎರಡಾಳು ಅಗಲಕ್ಕೆ,
ಅಲ್ಲಲ್ಲಿ ಒಂದೊಂದು ದೀಪ ಸಿಕ್ಕಿಸುತ್ತ.
ಹೊರಗೆ ಅಂಡರ್‌ಪಾಸ್ ಬೇಕೆಂದು ಕೂತವರ ಚಪ್ಪರಕ್ಕೆ
ಅಂದಿಗೆ ನೂರ ಹದಿನಾಲ್ಕು ದಿನ.

ಕುರ್ಚಿ ಎಳೆದ ಸದ್ದು.
ಐತಪ್ಪಜ್ಜ ಬಾಗಿ, ಕನ್ನಡಕ ಏರಿಸಿ ನೋಡುತ್ತಿದ್ದಾರೆ.
ಬಾಯಾರಿನ ಗುಡ್ಡಗಳಲ್ಲಿ ನಲವತ್ತು ವರ್ಷ
ಮೊಂಬತ್ತಿ ಹಿಡಿದು ಸುರಂಗ ಕೊರೆದವರು,
ಮುರಕಲ್ಲಿನ ಬೆವರು ಮುಟ್ಟಿ ನೀರು ಹೇಳುವವರು.
ತಡೆದುಕೊಳ್ಳಲಿಕ್ಕೆ ಆಗಲಿಲ್ಲ:
"ಹಾಗಲ್ಲ ಮಗಾ. ಒಳಗೆ ಹೋದ ಹಾಗೆ
ಒಂದು ಚೂರು ಏರಬೇಕು. ಇಲ್ಲದಿದ್ದರೆ
ನೀರು ಒಳಗೇ ನಿಲ್ಲುತ್ತದೆ."

ಪರದೆಯಿಂದ ಕಣ್ಣೆತ್ತದೆ,
ಬಳಸದ ಗಂಟಲಿನ ಕಫ ಕಟ್ಟಿದ ದನಿಯಲ್ಲಿ,
"ನೀರ್‌ಗ್ ಅತ್ತ್ ಅಜ್ಜ" ಅಂದ.
ನೀರಿಗಲ್ಲ.

ಮತ್ತೆ ಯಾರಿಗೆ ಎಂದು ನಾವಿಬ್ಬರೂ ಕೇಳಲಿಲ್ಲ.
ಅಜ್ಜ ಪಂಚೆಯ ತುದಿಯಿಂದ ಮೂಗೊರೆಸಿಕೊಂಡು
"ಹಾಗಾದರೆ ಮಟ್ಟ ಸಾಕು" ಅಂದರು.

ಗಂಟೆ ಮುಗಿದ ಮೇಲೆ ಕಿಟಕಿಯಿಂದ ನೋಡಿದೆ.
ಬಸ್ಸು ಸಿಗುವುದು ಆಚೆ ಬದಿಯಲ್ಲಿ.
ಅವರು ದಾಟಲಿಲ್ಲ. ಕೈಕಂಬದ ಕಡೆಗೆ
ಈಚೆ ಅಂಚಿನಲ್ಲೇ ನಡೆದರು.
ಅಜ್ಜನ ಒಂದು ಕೈ ಗಾಳಿಯಲ್ಲಿ
ಗುಡ್ಡ, ಬಾಯಿ, ಇಳಿಜಾರು ತೋರಿಸುತ್ತಿತ್ತು.
ಇನ್ನೊಂದನ್ನು ಹುಡುಗ ಹಿಡಿದಿದ್ದ,
ಮಣಿಕಟ್ಟಿನ ಹತ್ತಿರ, ಬಿಗಿಯಾಗಿ.