ಬಿಡಿ

ಶಿಡ್ಲಘಟ್ಟದಲ್ಲಿ ನಮ್ಮದು ಮಹಡಿ ಮೇಲಿನ ರೂಮು,
ಕೆಳಗೆ ಹತ್ತು ಬೇಸಿನ್ನಿನ ಫಿಲೇಚರು.
ಹಗಲೆಲ್ಲ ಆವಿ, ಬೆಂದ ಹುಳದ ವಾಸನೆ, ರಾಟೆಯ ಗೊರಗೊರ.
ಮೈಕು ಮೊದಲು ಅದನ್ನು ಕೇಳಿಸಿಕೊಳ್ಳುತ್ತದೆ, ಆಮೇಲೆ ನಮ್ಮನ್ನು.
ಅದಕ್ಕೇ ರೆಕಾರ್ಡಿಂಗು ರಾತ್ರಿ,
ಬಾಯ್ಲರು ತಣ್ಣಗಾದ ಮೇಲೆ,
ಕರೆಂಟು ಇದ್ದರೆ.

ಮೊದಲ ಆಲ್ಬಮ್ಮು ಬಂದು ಮೂರು ವರ್ಷ ಏಳು ತಿಂಗಳು.
ಎರಡನೆಯದಕ್ಕೆ ಐದು ಹಾಡಾಗಿವೆ,
ಆರನೆಯದಕ್ಕೆ ತಲೆ ಇದೆ, ಕಾಲಿಲ್ಲ.
ನಡುವೆ ಇದೊಂದು ಹುಟ್ಟಿತು, ಯಾವುದರ ಜೊತೆಗೂ ಸೇರದ್ದು:
ಬೇರೆಯವರ ಮದುವೆಗೆ ತಪ್ಪಿ ಬಂದು
ಚಪ್ಪಲಿ ಬಿಡುವ ಜಾಗದಲ್ಲೇ ನಿಂತುಬಿಟ್ಟವನಂತೆ.

"ಬಿಟ್ಟುಬಿಡೋಣ, ಸಿಂಗಲ್ಲು," ಅಂದ ಇಮ್ದಾದು,
ಗಿಟಾರಿನ ಮೂರನೇ ತಂತಿ ಬಿಗಿಯುತ್ತ.
"ಬಸ್‌ಸ್ಟ್ಯಾಂಡ್ ಟೀ ಅಂಗಡಿಯವನು ಕೇಳಿದ,
ಏನ್ರಪ್ಪಾ, ಹಾಡೋದು ಬಿಟ್ಬಿಟ್ರಾ ಅಂತ.
ನಾವು ಏನೂ ಬಿಡದಿದ್ದರೆ
ಬಿಟ್ಟರು ಅಂದುಕೊಳ್ಳುತ್ತೆ ಊರು."

ನಾನು ಕಿಟಕಿಯಿಂದ ಕೆಳಗೆ ಕೈ ತೋರಿಸಿದೆ.
ಒಂದು ಗೂಡಿನ ಎಳೆ ಮೈಲಿಯ ಹತ್ತಿರ ಬರುತ್ತದೆ,
ಆದರೆ ಬೆರಳಿಗೆ ಹತ್ತುವುದಿಲ್ಲ, ಉಸಿರು ತಾಗಿದರೂ ತುಂಡು.
ಎಂಟು ಗೂಡಿನ ತುದಿ ಕೂಡಿದರೆ ಒಂದು ನೂಲು.
ಕೇಳುವವನು ಉಡಬೇಕಾದ್ದು ನೂಲನ್ನೋ, ಎಳೆಯನ್ನೋ?
ಹೇಳಿ, ನನ್ನ ಮಾತಿಗೆ ನಾನೇ ತಲೆದೂಗಿದೆ.

ಗಂಗುಲಪ್ಪ ತಮಟೆಯ ಚರ್ಮ ಸವರುತ್ತ ಕೂತಿದ್ದ.
ಅವರಪ್ಪ ಬೆಳೆಯುವುದು ಬಿತ್ತನೆ ಗೂಡು.
"ಎಲ್ಲಾನೂ ಬೇಯಿಸಿಬಿಟ್ರೆ
ಮುಂದಿನ ಬೆಳೆಗೆ ಮೊಟ್ಟೆ ಇಡೋದು ಯಾರಕ್ಕಾ?
ಒಂದಷ್ಟು ತೂತಾಗಬೇಕು. ಚಿಟ್ಟೆ ಹೊರಗೆ ಬಂದ ಗೂಡು
ನೂಲಿಗೆ ಬರಲ್ಲ, ನಿಜ. ಯಾರು ಇಲ್ಲ ಅಂದರು?"

"ಆ ಚಿಟ್ಟೆಗೆ ಉಣ್ಣುವ ಬಾಯಿಲ್ಲ, ಗಂಗುಲಪ್ಪ.
ಹಾರೋದೂ ಬರಲ್ಲ. ವಾರ ತುಂಬೋದರಲ್ಲಿ ಸಾಯುತ್ತೆ.
ಸಿಂಗಲ್ಲಿಗೂ ಅಷ್ಟೇ ಆಯಸ್ಸು.
ಶುಕ್ರವಾರ ಬಿಟ್ಟದ್ದು ಮುಂದಿನ ಶುಕ್ರವಾರಕ್ಕೆ
ಯಾರ ಫೋನಿನಲ್ಲಿದೆ?"

"ಅಷ್ಟರೊಳಗೆ ನಾನೂರು ಮೊಟ್ಟೆ ಇಟ್ಟಿರುತ್ತೆ."

ಆಮೇಲೆ ಯಾರೂ ಮಾತಾಡಲಿಲ್ಲ.
ಮೂರು ಗಂಟೆಗೆ ಕರೆಂಟು ಹೋಯಿತು.
ಇಮ್ದಾದು ಕತ್ತಲಲ್ಲೇ ಅದನ್ನು ಇನ್ನೊಮ್ಮೆ ನುಡಿಸಿದ,
ನಾನು ಹಾಡಿದೆ, ಸಿಟ್ಟಿನಲ್ಲಿ, ಅರ್ಧ ಸ್ವರ ಮೇಲೆ.

ಬೆಳಗ್ಗೆ ಹಲ್ಲುಜ್ಜಲು ಕೆಳಗಿಳಿದರೆ
ಖಮರುನ್ನೀಸಾ ಕುದಿನೀರಿಗೆ ಗೂಡು ಸುರಿಯುತ್ತಿದ್ದಳು.
ರಾತ್ರಿಯೆಲ್ಲ ಹಿಂದಿನ ಕೋಣೆಯಲ್ಲಿ ಕಲೆಬಿದ್ದವನ್ನು ಆಯುವವಳು.
ಬೆರಳ ತುದಿ ಬೆಂದು ಬೆಳ್ಳಗೆ,
ಗೆರೆ ಅಳಿಸಿಹೋಗಿ, ರೇಷನ್ ಅಂಗಡಿಯ ಮೆಷಿನ್ನು
ಅವಳನ್ನು ಅವಳೇ ಅಂತ ಒಪ್ಪುವುದಿಲ್ಲ.
ಪೊರಕೆಯಿಂದ ತುದಿ ಹುಡುಕುತ್ತ ಗುನುಗುತ್ತಿದ್ದಳು:
ದಾರಿ ಕೇಳಬೇಡ, ದಾರಿಗೂ ಹೊತ್ತಿಲ್ಲ.

ನನ್ನ ಸಾಲು. ನಾನು ಬರೆದದ್ದು,
ದಾರಿಗೂ ಗೊತ್ತಿಲ್ಲ.

"ಎಲ್ಲಿ ಕೇಳಿದೆ?"
"ಮೇಲಿಂದ ಸೋರುತ್ತಲ್ಲಮ್ಮಾ ದಿನಾ."
ಸೂರು ಸೋರಿದಷ್ಟು ಸಲೀಸಾಗಿ ಅಂದಳು.
ಆಮೇಲೆ, ತಲೆ ಎತ್ತದೆ,
"ಚೆನ್ನಾಗಿದೆ. ಇದರ ಪಕ್ಕದ್ದು ಯಾವುದು?"

ಪಕ್ಕದ್ದು ಇಲ್ಲ, ಇದು ಬಿಡಿ ಹಾಡು, ಅಂದೆ.
ಎಂಟು ತುದಿ ಒಟ್ಟಿಗೆ ಹಿಡಿದು ರಾಟೆಗೆ ಕೊಡುತ್ತ
ಅವಳು ನಕ್ಕಳು: "ಹಾಗಾದ್ರೆ ಬಿಡಿ."

ಮೆಟ್ಟಿಲು ಹತ್ತುತ್ತ ಆ ಎರಡಕ್ಷರವನ್ನು
ಎರಡು ಥರ ಹೇಳಿಕೊಂಡೆ.
ಯಾವ ಥರ ಹೇಳಿದಳೋ, ಕೇಳಲು ವಾಪಸು ಹೋಗಲಿಲ್ಲ.

ಮೇಲೆ ಇಮ್ದಾದು ಫೈಲಿಗೆ ಹೆಸರು ಕೊಡುತ್ತಿದ್ದ.
ತಡಿ, ಅಂದೆ.
ಒಂದು ಅಕ್ಷರ ತಪ್ಪಿದೆ. ಗೊ ಅಲ್ಲ, ಹೊ.
ಇವತ್ತು ರಾತ್ರಿ ಇನ್ನೊಂದು ಸಲ.